ಲೈಟ್ ಹಿಡಿಯುವ ಹುಡುಗ

ನನ್ನ ಬಲ ಮುಂಗೈ ಮೇಲೆ ಹಳೆಯ ನಾಲ್ಕಾಣೆಯಷ್ಟು ಅಗಲದ ಒಂದು ಸುಟ್ಟ ಕಲೆ ಇದೆ. 1996ರ ವೈಶಾಖದ್ದು. ದುದ್ದದ ಮಗ್ಗುಲ ಹಳ್ಳಿಯೊಂದರಲ್ಲಿ ಆರತಕ್ಷತೆ. ಮನೆ ಮುಂದೆ ಚಪ್ಪರ, ಸಂಜೆ ಒಂದು ಹದ ಮಳೆ ಬಿದ್ದು ನಿಂತಿತ್ತು. ನಾನು ಸನ್‌ಗನ್ ಹಿಡಿದು ಹೆಣ್ಣುಗಂಡಿನ ಪಕ್ಕಕ್ಕೆ ನಿಂತಿದ್ದೆ. ಮಳೆ ನಿಂತದ್ದೇ ತಡ, ರೆಕ್ಕೆ ಬಂದ ಗೆದ್ದಲು ಹುತ್ತದಿಂದೆದ್ದು ದೀಪಕ್ಕೆ ಮುತ್ತಿಕೊಂಡವು. ಒಂದು ನನ್ನ ಕಿವಿಯೊಳಗೇ ಹೊಕ್ಕಿತು. ಕೊಡವಿಕೊಳ್ಳಲು ಹೋಗಿ ಕೈಯನ್ನು ದೀಪದ ತಗಡಿಗೆ ತಾಗಿಸಿಕೊಂಡೆ. ಆ ಮದುವೆಯ ಕ್ಯಾಸೆಟ್ಟಿನಲ್ಲಿ ಆ ಗಳಿಗೆ ದಾಖಲಾಗಿದೆ: ಇದ್ದಕ್ಕಿದ್ದಂತೆ ಹೆಣ್ಣುಗಂಡು ಕತ್ತಲಲ್ಲಿ ಮುಳುಗಿ, ಬೆಳಕೆಲ್ಲ ಚಪ್ಪರದ ಮಾವಿನ ಸೊಪ್ಪಿಗೆ ಹಾರುತ್ತದೆ. ಹಿನ್ನೆಲೆಯಲ್ಲಿ ಒಬ್ಬ ಹುಡುಗ ಅಯ್ಯಯ್ಯಪ್ಪೋ ಎನ್ನುವುದು ನಾದಸ್ವರದ ನಡುವೆಯೂ ಕೇಳಿಸುತ್ತದೆ.

ಆಗ ನನಗೆ ಹದಿಮೂರು. ಸೋದರಮಾವನಿಗೆ ದುದ್ದದಲ್ಲಿ ಒಂದು ಸಣ್ಣ ಸ್ಟುಡಿಯೊ ಇತ್ತು. ಹಾಸನದಿಂದ ಅರಸೀಕೆರೆಗೆ ಹೋಗುವ ರಸ್ತೆಯ ಮೇಲಿನ ಹೋಬಳಿ ಊರು ನಮ್ಮದು. ಸುತ್ತಲ ಹಳ್ಳಿಗಳ ಮದುವೆ, ನಾಮಕರಣ, ಗೃಹಪ್ರವೇಶ, ಕೊನೆಗೆ ಹೆಣದ ಮುಂದೆ ಕೂತ ಮನೆಯವರ ಫೋಟೊ ತನಕ ಎಲ್ಲಕ್ಕೂ ಮಾವನೇ. ಬೇಸಿಗೆ ರಜ ಬಂತೆಂದರೆ ನಾನು ಅವನ ಲೈಟ್ ಹಿಡಿಯುವ ಹುಡುಗ. ಸನ್‌ಗನ್ ಎಂದರೆ 1000 ವಾಟ್‌ನ ಹ್ಯಾಲೊಜನ್ ಬಲ್ಬು, ಹಿಂದೆ ಹಾವಿನಂತೆ ಹರಿಯುವ ವೈರು. ಆ ವೈರಿಗೆ ಯಾರೂ ಎಡವದಂತೆ ನೋಡಿಕೊಳ್ಳುವುದು ನನ್ನ ಎರಡನೇ ಕೆಲಸ. ದಿನಕ್ಕೆ ಹತ್ತು ರೂಪಾಯಿ, ಊಟ ಮದುವೆಮನೆಯದು.

ಮಾವ ಫೋಟೊಗ್ರಫಿ ಶಾಲೆಗೆ ಹೋದವನಲ್ಲ. ಆದರೆ ಒಂದು ವಿಷಯದಲ್ಲಿ ಅವನು ಹಟಮಾರಿ. ಎದುರಿಗೆ ನಿಂತು ದೀಪ ಹಿಡಿಯಲು ಬಿಡುತ್ತಿರಲಿಲ್ಲ. “ಮುಂದ್ಗಡೆಯಿಂದ ಹೊಡುದ್ರೆ ಮುಖ ಅಕ್ಕಿರೊಟ್ಟಿ ಆಯ್ತದೆ ಕಣ್ಲಾ, ಪಕ್ಕಕ್ಕೆ ಬಾ, ಇನ್ನೂ ಪಕ್ಕಕ್ಕೆ” ಎಂದು ಗದರುತ್ತಿದ್ದ. ಪಕ್ಕಕ್ಕೆ ಸರಿದರೆ ಮೂಗಿಗೊಂದು ನೆರಳು ಬರುತ್ತಿತ್ತು, ಕೆನ್ನೆ ದುಂಡಗಾಗುತ್ತಿತ್ತು, ಸೀರೆಯ ಜರಿ ಎದ್ದು ನಿಲ್ಲುತ್ತಿತ್ತು. ನನಗಾಗ ಅದು ಬರೀ ಕಾಟವಾಗಿತ್ತು. ಪಕ್ಕಕ್ಕೆ ಹೋದಷ್ಟೂ ವೈರು ಸಾಲುತ್ತಿರಲಿಲ್ಲ.

ಸ್ಟಿಲ್ ಫೋಟೊಗೂ ಅವನು ಅದೇ ಹಟ ಹಿಡಿದಿದ್ದ. ಕ್ಯಾಮೆರಾದ ನೆತ್ತಿಯ ಮೇಲೊಂದು ಫ್ಲಾಶ್ ಇರುತ್ತಿತ್ತು, ಇನ್ನೊಂದನ್ನು ನನ್ನ ಕೈಗೆ ಕೊಡುತ್ತಿದ್ದ. ಅದರ ಬುಡಕ್ಕೆ ಕಡಲೆಬೀಜದಷ್ಟು ದಪ್ಪದ ಒಂದು ತುಣುಕು ಸಿಕ್ಕಿಸಿರುತ್ತಿದ್ದ. ಅದರ ಹೆಸರು ಸ್ಲೇವ್. ಅದಕ್ಕೊಂದು ಕಣ್ಣು. ಎಲ್ಲಾದರೂ ಫ್ಲಾಶ್ ಮಿಂಚಿದ್ದು ಕಂಡರೆ ಆ ಕ್ಷಣವೇ ತಾನು ಹೊತ್ತುಕೊಂಡ ಫ್ಲಾಶನ್ನೂ ಮಿಂಚಿಸುತ್ತಿತ್ತು. ವೈರಿಲ್ಲ, ಏನಿಲ್ಲ. ತೊಂದರೆಯೆಂದರೆ ಅದು ಯಾರ ಮಿಂಚಿಗಾದರೂ ಓಗೊಡುತ್ತಿತ್ತು. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಸಣ್ಣ ಕ್ಯಾಮೆರಾ ತಂದರೆಂದರೆ ಮುಗಿಯಿತು. ಅವರು ಒತ್ತಿದಾಗಲೆಲ್ಲ ನನ್ನ ಕೈಯಲ್ಲಿ ಮಿಂಚು. ಮಾವ ಒತ್ತುವ ಹೊತ್ತಿಗೆ ಫ್ಲಾಶ್ ಇನ್ನೂ ಚಾರ್ಜ್ ಆಗುತ್ತ ಕುಂಯ್ ಎನ್ನುತ್ತಿತ್ತು. ಮುಂದೆ ಹದಿನೈದು ವರ್ಷದ ಮೇಲೆ, ಹೊಲದ ಬದುವಿನಲ್ಲಿ ಕೂತು ಇರುವೆಯ ಫೋಟೊ ತೆಗೆಯುವಾಗ, ಈ ಕುಂಯ್ ಸದ್ದು ಮತ್ತೆ ಎದುರಾಯಿತು.

ಅದಕ್ಕೆ ಮೊದಲು ಇನ್ನೆರಡು ನೆನಪು ಹೇಳಬೇಕು. ಎರಡರಲ್ಲೂ ಕ್ಯಾಮೆರಾ ಇಲ್ಲ.

ಆ ವರ್ಷಗಳಲ್ಲಿ ಹಾಸನದ ಸುತ್ತ ಎಲ್ಲರೂ ಆಲೂಗೆಡ್ಡೆ ಹಾಕುತ್ತಿದ್ದರು. ನಮ್ಮ ಮನೆಯಲ್ಲೂ ಹಾಕುತ್ತಿದ್ದೆವು. ಮುಂಗಾರು ಹದಕ್ಕೆ ನೆಟ್ಟ ಗೆಡ್ಡೆ ಮೊಣಕಾಲೆತ್ತರ ಬಂದ ಹೊತ್ತಿಗೆ ಜಡಿಮಳೆ, ಮೋಡ, ಮಂಜು. ಅಂಗಮಾರಿ ಬರುವುದೇ ಆಗ. ಅಪ್ಪ ಬೆಳಗ್ಗೆ ಎದ್ದು ಹೊಲಕ್ಕೆ ಹೋಗಿ ಒಂದು ಎಲೆ ಕಿತ್ತು, ಮಗುಚಿ, ಮೋಡ ಸರಿದು ಬಿಸಿಲು ಇಣುಕುವುದನ್ನೇ ಕಾಯುತ್ತಿದ್ದ. ಎಳೆ ಬಿಸಿಲು ಬಂದೊಡನೆ ಎಲೆಯನ್ನು ಅದಕ್ಕೆ ಓರೆಯಾಗಿ ಹಿಡಿಯುತ್ತಿದ್ದ. ಕಂದು ಕಲೆಯ ಅಂಚಿನಲ್ಲಿ ಬೆಳ್ಳಗೆ ಬೂಜಿನ ಉಂಗುರ ಕಂಡರೆ ಬಾಯಿ ಬಿಡದೆ ಮನೆಗೆ ಬಂದು ಎಂ-45 ಔಷಧಿ ಕಲಸುತ್ತಿದ್ದ. ನಾನು ನೇರ ಬೆಳಕಿನಲ್ಲಿ ಎಷ್ಟು ನೋಡಿದರೂ ಬರೀ ಕಂದು ಕಲೆ ಕಾಣುತ್ತಿತ್ತೇ ಹೊರತು ಬೂಜು ಕಾಣುತ್ತಿರಲಿಲ್ಲ. 1845ರಲ್ಲಿ ಐರ್ಲೆಂಡಿನವರ ಅನ್ನ ಕಿತ್ತುಕೊಂಡ ರೋಗವೂ ಇದೇ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಅಪ್ಪನಿಗೆ ಐರ್ಲೆಂಡ್ ಗೊತ್ತಿರಲಿಲ್ಲ. ಎಲೆಯನ್ನು ಎಷ್ಟು ಓರೆ ಮಾಡಬೇಕೆಂದು ಗೊತ್ತಿತ್ತು.

ಇನ್ನೊಂದು ಕೊರವಂಗಲದ ನೆನಪು. ಹಾಸನದ ದಾರಿಯಲ್ಲಿ, ನಮಗೆ ಹತ್ತಿರದಲ್ಲೇ, 1173ರಲ್ಲಿ ಕಟ್ಟಿದ ಬೂಚೇಶ್ವರ ದೇವಾಲಯವಿದೆ. ಬೇಲೂರು ಹಳೇಬೀಡಿಗೆ ಹೋಗುವವರು ಇತ್ತ ತಿರುಗಿ ನೋಡುವುದು ಕಡಿಮೆ. ಪುಷ್ಯದ ಚಳಿಯಲ್ಲಿ ಒಂದು ಬೆಳಗ್ಗೆ ಮಾವ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದ. ತೆಂಕಣ ಗೋಡೆಯ ಮುಂದೆ ಕೂತೆವು. ಮೊದಲು ಗೋಡೆ ಬೂದಿಬಣ್ಣದ ಬರೀ ಕಲ್ಲು. ಬಿಸಿಲು ಮೂಡಣದಿಂದ ಗೋಡೆಯ ಮೈ ಸವರಿಕೊಂಡು ಬಂದ ಹಾಗೆ ಮೊದಲು ಒಂದು ಕಿರೀಟದ ಮಣಿ, ಆಮೇಲೆ ತೋಳಬಂದಿ, ಆಮೇಲೆ ಬೆರಳಿನ ಗೆಣ್ಣು, ಒಂದೊಂದಾಗಿ ಎದ್ದು ಬಂದವು. ಒಂದು ಗಂಟೆ ಕಳೆದು ಬಿಸಿಲು ಏರಿದ ಮೇಲೆ ಮತ್ತೆ ಎಲ್ಲ ಮಂಕಾಯಿತು. ಬಳಪದ ಕಲ್ಲಿನಲ್ಲಿ ಕಡೆದವರು ಕತ್ತಲೆಯನ್ನೂ ಲೆಕ್ಕ ಹಾಕಿಯೇ ಕಡೆದಿದ್ದಾರೆ ಎಂದು ಮಾವ ಹೇಳಿದ. ಅವನು ಆಡಿದ ಮಾತುಗಳಲ್ಲಿ ಪುಸ್ತಕದ ಮಾತಿನಂತಿದ್ದದ್ದು ಅದೊಂದೇ; ಬಹುಶಃ ಎಲ್ಲೋ ಕೇಳಿದ್ದಿರಬೇಕು.

ಬೇಲೂರಿನ ಮದನಿಕೆಯೊಬ್ಬಳ ನೆತ್ತಿಯ ಮೇಲಿನ ಬಳ್ಳಿಯಲ್ಲಿ ಒಂದು ನೊಣ, ಅದನ್ನು ಹಿಡಿಯಲು ಹೊಂಚಿದ ಒಂದು ಹಲ್ಲಿ ಇವೆಯಲ್ಲ, ಹಾಸನ ಜಿಲ್ಲೆಯ ಮೊದಲ ಮ್ಯಾಕ್ರೊ ಚಿತ್ರ ಅದೇ ಎಂದು ನಾನು ತಮಾಷೆಗೆ ಹೇಳುವುದುಂಟು. ಶಾಲೆಯ ಪ್ರವಾಸದಲ್ಲಿ ಕತ್ತೆತ್ತಿ ಎಷ್ಟು ನೋಡಿದರೂ ನನಗೆ ನೊಣ ಸಿಗಲಿಲ್ಲ. ಸಂಜೆಯಾಗಿತ್ತು, ಸೂರಿನಡಿ ನೆರಳು. ಗೈಡ್ ತನ್ನ ಟಾರ್ಚನ್ನು ಪಕ್ಕದಿಂದ ಬಿಟ್ಟಾಗ ಸಿಕ್ಕಿತು.

ಹುಳದ ಹುಚ್ಚು ಹಿಡಿದದ್ದು ಕಾಲೇಜು ಮುಗಿದ ಮೇಲೆ. ಪಕ್ಕದ ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದರು ಎಂಬುದು ನಮ್ಮ ವಯಸ್ಸಿನ ಹುಡುಗರಿಗೆಲ್ಲ ಗೊತ್ತಿತ್ತು, ಬೆಂಗಳೂರಿನ ವನ್ಯಜೀವಿ ಫೋಟೊಗ್ರಾಫರು ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಹೆಸರನ್ನು ಮಾವನ ಬಾಯಲ್ಲಿ ಕೇಳಿದ್ದೆ. ಆದರೆ ಹಕ್ಕಿಗೆ ಬೇಕಾದ ಉದ್ದ ಲೆನ್ಸು ನನ್ನ ಕೈಗೆಟುಕುವಂಥದಲ್ಲ. ಹುಳ ಹಾಗಲ್ಲ. ಮಾವನ ಹಳೆಯ 50 ಎಂಎಂ ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಕ್ಯಾಮೆರಾಕ್ಕೆ ಸಿಕ್ಕಿಸುವ ಒಂದು ಉಂಗುರ ಸಿಗುತ್ತಿತ್ತು. ಅಷ್ಟಾದರೆ ಇರುವೆ ಆನೆಯಾಗುತ್ತಿತ್ತು. 36 ಫೋಟೊದ ರೋಲಿನಲ್ಲಿ ಎರಡು ಚೆನ್ನಾಗಿ ಬಂದರೆ ಹಬ್ಬ. ತೊಳೆಸಿದ ಖರ್ಚು ನೋಡಿ ಅವ್ವ, “ಮದ್ವೆ ಫೋಟೊ ತೆಗುದ್ರೆ ದುಡ್ಡು ಬತ್ತದೆ. ಹುಳಕ್ಕೂ ಮದ್ವೆ ಮಾಡುಸ್ತೀಯೇನ್ಲಾ?” ಎಂದಳು. ಊರಲ್ಲಿ ಅದೇ ನನ್ನ ಹೆಸರಾಗಿ ಒಂದಷ್ಟು ದಿನ ನಡೆಯಿತು.

2011ರಲ್ಲಿ ಹಾಸನದಲ್ಲಿ ಒಬ್ಬರಿಂದ ನಿಕಾನ್ ಡಿ90 ಮತ್ತು 90 ಎಂಎಂನ ಒಂದು ಮ್ಯಾಕ್ರೊ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಮೊದಲ ದಿನ ಹೊಂಗೆಯ ಮರದ ಬುಡದಲ್ಲಿ ಕೆಂಜಿಗವೊಂದನ್ನು ಹಿಡಿದು ಕೂತೆ. ಕ್ಯಾಮೆರಾದ ತಲೆಯ ಮೇಲೆ ತಾನೇ ಎದ್ದು ನಿಲ್ಲುವ ಪುಟ್ಟ ಫ್ಲಾಶ್ ಇತ್ತು. ಒತ್ತಿದೆ. ಫೋಟೊದ ಮೇಲರ್ಧದಲ್ಲಿ ಬಿಳಿಚಿದ ತೊಗಟೆ, ಕೆಳಗರ್ಧದಲ್ಲಿ ಅರ್ಧಚಂದ್ರಾಕಾರದ ಕರಿ ನೆರಳು, ಇರುವೆ ಆ ನೆರಳಿನೊಳಗೆ. ಲೆನ್ಸು ಇರುವೆಗೆ ಗೇಣು ಹತ್ತಿರ ಹೋದಾಗ ಅದರ ಸ್ವಂತ ಕೊಳವೆಯೇ ಬೆಳಕಿಗೆ ಅಡ್ಡ ನಿಲ್ಲುತ್ತದೆ. ನೆರಳು ಬಿದ್ದಿದ್ದು ನನ್ನ ಲೆನ್ಸಿನದೇ. ಮಾವನಿಗೆ ತೋರಿಸಿದೆ. ಅವನಿಗಾಗ ಮದುವೆ ಕೆಲಸ ಕಡಿಮೆಯಾಗಿ ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್ನಿಗೆ ಬಂದಿತ್ತು. ಕನ್ನಡಕ ಏರಿಸಿ ನೋಡಿ, “ಪಕ್ಕಕ್ಕೆ ಬಾ ಅಂತ ಎಷ್ಟು ಸಲ ಹೇಳಿವ್ನಿ” ಎಂದ.

ಪಕ್ಕಕ್ಕೆ ಬರುವುದು ಹೇಗೆ? ಕಂಪನಿಯವರು ಅದಕ್ಕೊಂದು ದಾರಿ ಮಾಡಿದ್ದರು. ನಿಕಾನ್ 2005ರಲ್ಲೇ ಆರ್1ಸಿ1 ಎಂಬ ಸೆಟ್ ತಂದಿತ್ತು. ಲೆನ್ಸಿನ ಬಾಯಿಗೆ ಒಂದು ಉಂಗುರ, ಉಂಗುರದ ಎಡಬಲಕ್ಕೆ ಅಂಗೈಯೊಳಗೆ ಅಡಗುವ ಎರಡು ಫ್ಲಾಶ್, ವೈರಿಲ್ಲದೆ ಕ್ಯಾಮೆರಾದ ಅಪ್ಪಣೆ ಕೇಳಿ ಮಿಂಚುತ್ತವೆ. ಬೇಕೆಂದರೆ ಉಂಗುರದಿಂದ ಕಳಚಿ ಎಲೆಯ ಹಿಂದೆಯೂ ಇಡಬಹುದು. ಅಂಗಡಿಯಲ್ಲಿ ಬೆಲೆ ಕೇಳಿ ಹೊರಗೆ ಬಂದೆ. ಆ ದುಡ್ಡಿಗೆ ನಮ್ಮ ಕಡೆ ಒಂದು ಒಳ್ಳೆ ಸೀಮೆಹಸು ಬರುತ್ತಿತ್ತು, ಮತ್ತು ಹಸು ಹಾಲು ಕೊಡುತ್ತಿತ್ತು. ನಾನು ಕೊಂಡದ್ದು ಚೀನಾದಲ್ಲಿ ತಯಾರಾದ ಎರಡು ಅಗ್ಗದ ಫ್ಲಾಶ್. ಮಾವನ ಕಡಲೆಬೀಜದ ಸ್ಲೇವ್ ಅವುಗಳ ಹೊಟ್ಟೆಯೊಳಗೇ ಇತ್ತು.

ಮನೆಗೆ ತಂದು ಅಟ್ಟದ ಕೆಳಗೆ ಕೂತು ಪರೀಕ್ಷೆ ಮಾಡಿದೆ. ಗುಂಡಿ ಒತ್ತಿದರೆ ಮೂರೂ ಫ್ಲಾಶ್ ಕಣ್ಣೆದುರೇ ಮಿಂಚುತ್ತಿವೆ; ಫೋಟೊ ಮಾತ್ರ ಕತ್ತಲೆ. ಹತ್ತು ಸಲ, ಇಪ್ಪತ್ತು ಸಲ. ಮಾಲು ಕೆಟ್ಟಿದೆ ಎಂದು ವಾಪಸ್ ಕೊಡಲು ಪೊಟ್ಟಣ ಕಟ್ಟಿದ್ದೂ ಆಯಿತು. ರಾತ್ರಿ ಮಲಗಿದಾಗ ಬೆಂಗಳೂರಿನ ನೆಂಟರ ಕ್ಯಾಮೆರಾ ನೆನಪಾಯಿತು. ಈ ಕಾಲದ ಕ್ಯಾಮೆರಾ ಫೋಟೊಗೆ ಮೊದಲು ಒಂದು ಸಣ್ಣ ಮಿಂಚು ಬಿಟ್ಟು ಬೆಳಕೆಷ್ಟು ಬೇಕೆಂದು ಅಳೆಯುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ನಡುವೆ ಇರುವ ಹೊತ್ತು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ನನ್ನ ಸ್ಲೇವ್‌ಗಳು ಆ ಮೊದಲ ಮಿಂಚಿಗೇ ಓಗೊಟ್ಟು ಖಾಲಿಯಾಗುತ್ತಿದ್ದವು. ಎದ್ದು ದೀಪ ಹಾಕಿ ಕ್ಯಾಮೆರಾದ ಫ್ಲಾಶನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಅದರ ಕಸುವನ್ನು 1/128ಕ್ಕೆ ಇಳಿಸಿದೆ. ಅಳೆಯುವ ಕೆಲಸ ಇಲ್ಲವಾದ್ದರಿಂದ ಮೊದಲ ಮಿಂಚೂ ಇಲ್ಲ. ಒತ್ತಿದೆ. ಗೋಡೆಯ ಮೇಲಿದ್ದ ಹಲ್ಲಿಯ ಒಂದೊಂದು ಬೆರಳೂ ಬಂತು. ಪೊಟ್ಟಣದ ದಾರ ಬಿಚ್ಚಿದೆ.

ಅಂದಿನಿಂದ ನಾನು ಹುಳದ ಫೋಟೊಗೆ ಮ್ಯಾನ್ಯುಯಲ್ ಬಿಟ್ಟು ಬೇರೆ ನಂಬಿಲ್ಲ. ಮದುವೆಯಲ್ಲಿ ಜನ ಹಿಂದೆ ಮುಂದೆ ಓಡಾಡುತ್ತಾರೆ, ಅಲ್ಲಿ ಕ್ಯಾಮೆರಾವೇ ಲೆಕ್ಕ ಹಾಕಲಿ. ಹುಳಕ್ಕೂ ಫ್ಲಾಶಿಗೂ ನಡುವಿನ ದೂರ ಯಾವಾಗಲೂ ಅದೇ ಗೇಣು. ಒಂದು ಸಲ ಹದ ಸಿಕ್ಕರೆ ಇಡೀ ದಿನ ಅದೇ ಹದ.

ಇಷ್ಟೆಲ್ಲ ಫ್ಲಾಶ್ ಯಾಕೆ, ಬಿಸಿಲಿಲ್ಲವೇ ಎಂದು ಕೇಳುವವರಿದ್ದಾರೆ. ಹುಳ ಎಷ್ಟುದ್ದವೋ ಸೆನ್ಸರಿನ ಮೇಲೂ ಅಷ್ಟೇ ಉದ್ದ ಬೀಳುವಷ್ಟು ಹತ್ತಿರ ಹೋದಾಗ, ದೂರದ ಮರಕ್ಕೆ ಬೇಕಾದ್ದರ ನಾಲ್ಕು ಪಟ್ಟು ಬೆಳಕು ಬೇಕು. ಅಷ್ಟು ಹತ್ತಿರದಲ್ಲಿ ಎಫ್ 11ಕ್ಕೆ ಕಿಂಡಿ ಕಿರಿದು ಮಾಡಿದರೂ ಸ್ಪಷ್ಟವಾಗಿ ಮೂಡುವುದು ಒಂದು ಮಿಲಿಮೀಟರಿಗೂ ಕಡಿಮೆ ಆಳ: ಜೇಡದ ಕಣ್ಣು ಬಂದರೆ ಕಾಲಿಲ್ಲ. ಇನ್ನೂ ಕಿರಿದು ಮಾಡಿದರೆ ಕತ್ತಲೆ. ಷಟರನ್ನು ನಿಧಾನ ಮಾಡೋಣವೆಂದರೆ ನಮ್ಮ ಕಡೆಯ ಆಷಾಢದ ಗಾಳಿ. ಫ್ಲಾಶ್ ಈ ಮೂರು ಜಗಳವನ್ನೂ ಒಟ್ಟಿಗೆ ಬಿಡಿಸುತ್ತದೆ. ಪೂರ್ತಿ ಕಸುವಿನ ಬದಲು 1/16ಕ್ಕೆ ಇಳಿಸಿದರೆ ಅದರ ಮಿಂಚು ಸೆಕೆಂಡಿನ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟರಲ್ಲೇ ಮುಗಿದುಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿಗೆ ಎಲೆ ಎಷ್ಟು ಅಲುಗೀತು? ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಇದೇ ಉಪಾಯದಿಂದ ಹಾಲಿನ ಹನಿ ಬಿದ್ದು ಕಿರೀಟದಂತೆ ಎದ್ದದ್ದನ್ನು ಹಿಡಿದರು. 1957ರ ಆ ಬಣ್ಣದ ಫೋಟೊ ಲೋಕಕ್ಕೆಲ್ಲ ಗೊತ್ತು.

ಹಾಲಿನಿಂದಲೇ ನನಗೂ ಒಂದು ಪಾಠವಾಯಿತು. ಬರೀ ಫ್ಲಾಶಿನ ಬೆಳಕು ಗಡುಸು. ಇರುವೆಯ ಬೆನ್ನು, ಜೀರುಂಡೆಯ ಕವಚ ಎಲ್ಲ ಪಾಲಿಷ್ ಮಾಡಿದ ಹಾಗಿರುತ್ತವೆ. ಬೆಳಕು ಅಲ್ಲೊಂದು ಬಿಳಿ ಚುಕ್ಕೆಯಾಗಿ ಕೂತು ಕೆಳಗಿನ ಬಣ್ಣವನ್ನೆಲ್ಲ ನುಂಗುತ್ತದೆ. ಬೆಳಕಿನ ಮುಂದೆ ಏನಾದರೂ ತೆರೆ ಕಟ್ಟಬೇಕು. ನಂದಿನಿ ಹಾಲಿನ ಕವರ್ ತೊಳೆದು ಕಟ್ಟಿದೆ. ಬೆಳಕು ಮೆತ್ತಗಾಯಿತು, ಸರಿ. ಕೆಂಜಿಗ ಮಾತ್ರ ನೀಲಿ ಬಂತು. ಕವರಿನ ನೀಲಿ ಅಚ್ಚು ಬೆಳಕಿಗೆ ಹತ್ತಿತ್ತು. ಆಮೇಲೆ ಟ್ರೇಸಿಂಗ್ ಪೇಪರ್, ಅದು ಮಂಜಿಗೆ ನೆನೆದು ಜೋತುಬಿತ್ತು. ಕೊನೆಗೆ ಗೆದ್ದದ್ದು ಟೀ ಅಂಗಡಿಯ ಥರ್ಮೊಕೋಲ್ ಲೋಟ. ತಳ ಕತ್ತರಿಸಿ ಫ್ಲಾಶಿನ ಮೂತಿಗೆ ಸಿಕ್ಕಿಸಿ, ಬಾಯಿಗೆ ಒಂದು ಬಿಳಿ ಪ್ಲಾಸ್ಟಿಕ್ ಹಾಳೆ. ಸೂರ್ಯ ಎಷ್ಟೇ ದೊಡ್ಡವನಾದರೂ 15 ಕೋಟಿ ಕಿಲೊಮೀಟರ್ ಆಚೆಗಿದ್ದಾನೆ, ಹಾಗಾಗಿ ಅವನ ಬೆಳಕು ಒಂದು ಚುಕ್ಕೆಯಿಂದ ಬಂದಂತೆ ಗಡುಸು. ಎರಡು ಬೆರಳು ದೂರದಲ್ಲಿರುವ ಟೀ ಲೋಟದ ಬಾಯಿ ಇರುವೆಯ ಪಾಲಿಗೆ ಮೋಡ ಕವಿದ ಆಕಾಶ.

ಇದನ್ನೆಲ್ಲ ಹಿಡಿಯಲು ಕೈ ಸಾಲದು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಬಗ್ಗಿಸಿ ಕ್ಯಾಮೆರಾದ ತಳಕ್ಕೊಂದು ಚೌಕಟ್ಟು ಮಾಡಿಸಿ, ಹಳೆಯ ಟೇಬಲ್ ಲ್ಯಾಂಪಿನ ಬಾಗುವ ಕತ್ತು ಎರಡು ತಂದು ಎಡಬಲಕ್ಕೆ ಹಾಕಿಸಿದೆ. ವೆಲ್ಡಿಂಗಿನವನು ಅದನ್ನು ಎತ್ತಿ ತಿರುಗಿಸಿ, “ಇದೇನ್ ಹಾಲ್ ಕರಿಯೋ ಮಿಷನ್ನಾ ಅಣ್ಣ?” ಎಂದ. ಒಂದು ವರ್ಷದಲ್ಲಿ ಆ ಕತ್ತುಗಳು ಸೋತು ಬಾಗಿದವು. ಎಡಗೈಯಲ್ಲಿ ಫ್ಲಾಶ್, ಮೊಣಕೈ ಮೊಣಕಾಲಿನ ಮೇಲೆ, ಬಲಗೈಯಲ್ಲಿ ಕ್ಯಾಮೆರಾ, ಉಸಿರು ಬಿಟ್ಟು ನಿಲ್ಲಿಸಿದ ಗಳಿಗೆಯಲ್ಲಿ ಒತ್ತುವುದು. ಇದನ್ನೇ ಮೈಗೆ ರೂಢಿಸಿಕೊಂಡೆ. ಎರಡನೇ ಫ್ಲಾಶನ್ನು ಹುಳದ ಹಿಂದೆ, ಬಲಕ್ಕೆ, ಮಣ್ಣಿನ ಹೆಂಟೆಗೆ ಒರಗಿಸಿ ಇಡುತ್ತಿದ್ದೆ. ಮುಂದಿನದು ಮುಖ ತೋರಿಸಿದರೆ ಹಿಂದಿನದು ಅಂಚು ತೋರಿಸುತ್ತದೆ. ಕಂಬಳಿಹುಳದ ಕೂದಲೆಲ್ಲ ಬೆಳ್ಳಿ ತಂತಿಯಾಗುತ್ತವೆ. ಹಾರುವ ಜೇಡದ ಮುಂಭಾಗದ ಎರಡು ದೊಡ್ಡ ಕಣ್ಣಿನಲ್ಲಿ ನನ್ನ ಟೀ ಲೋಟದ ಬಿಂಬ ದುಂಡಗೆ ಕೂತಿರುತ್ತಿತ್ತು. ಬೇರೆಯವರ ಜೇಡದ ಫೋಟೊ ಸಿಕ್ಕರೂ ನಾನು ಮೊದಲು ನೋಡುವುದು ಆ ಕಣ್ಣನ್ನೇ. ಅವರು ಎಷ್ಟು ಫ್ಲಾಶ್ ಇಟ್ಟಿದ್ದರು, ಯಾವ ಕಡೆ ಇಟ್ಟಿದ್ದರು, ಮುಂದೆ ಏನು ಕಟ್ಟಿದ್ದರು ಎಂಬುದನ್ನೆಲ್ಲ ಜೇಡ ಹೇಳಿಬಿಡುತ್ತದೆ.

ನನಗೆ ಹಿಡಿಸದ್ದು ಕರಿ ಹಿನ್ನೆಲೆ. ನಡು ಹಗಲಿನಲ್ಲಿ ತೆಗೆದ ಚಿಟ್ಟೆ ಅಮಾವಾಸ್ಯೆಯಲ್ಲಿ ಕೂತಂತೆ ಕಾಣುತ್ತದೆ. ಫ್ಲಾಶ್ ಹುಳಕ್ಕೆ ಹತ್ತು ಸೆಂಟಿಮೀಟರ್ ದೂರದಲ್ಲಿದ್ದು, ಹಿಂದಿನ ಗಿಡ ಅದೇ ಫ್ಲಾಶಿಗೆ ಒಂದು ಮೀಟರ್ ದೂರದಲ್ಲಿದ್ದರೆ ಗಿಡಕ್ಕೆ ತಲುಪುವುದು ನೂರರಲ್ಲಿ ಒಂದು ಪಾಲು ಬೆಳಕು. ಇದನ್ನು ಕೆಲವರು ಕಲೆ ಎನ್ನುತ್ತಾರೆ. ನನಗೆ ಅದು ಸೋಮಾರಿತನ. ಹಿಂದಕ್ಕೆ ಒಂದು ಹಸಿರೆಲೆ ಸರಿಸಿ ಎರಡನೇ ಫ್ಲಾಶನ್ನು ಅದಕ್ಕೆ ತಿರುಗಿಸಿದರೆ ಸಾಕು, ಹುಳ ಮತ್ತೆ ತನ್ನ ಹೊಲಕ್ಕೆ ಬರುತ್ತದೆ. ಅದಕ್ಕಿಂತ ಹಿಡಿಸದ್ದು ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆಯುವುದು. ಅದರ ಬಗ್ಗೆ ಹೆಚ್ಚು ಮಾತು ಬೇಡ.

ಬೆಳಕು ನೋಡಿ ಓಗೊಡುವ ಸ್ಲೇವ್‌ಗೆ ಹೊಲದಲ್ಲಿ ಒಂದು ಶತ್ರು, ಬಿಸಿಲು. ಉರಿಬಿಸಿಲಿನಲ್ಲಿ ನನ್ನ 1/128ರ ಮಿಂಚು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಇನ್ನೊಂದು ಶತ್ರು ಮುಸುಕಿನ ಜೋಳದ ಎಲೆ. ಫ್ಲಾಶಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಎಲೆ ಅಡ್ಡ ಬಂದರೆ ಸಂಬಂಧವೇ ಕಡಿಯಿತು. ಕೊನೆಗೆ ರೇಡಿಯೊ ಟ್ರಿಗರ್ ಕೊಂಡೆ. ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕ್ಯಾಮೆರಾದ ಮೇಲೆ, ಅದರ ಜೊತೆಯವು ಫ್ಲಾಶಿನ ಬುಡದಲ್ಲಿ, 2.4 ಗಿಗಾಹರ್ಟ್ಸ್‌ನ ಅಲೆಗೆ ಎಲೆಯೂ ಬಿಸಿಲೂ ಅಡ್ಡಿಯಲ್ಲ. ಇದಾದ ಮೇಲೆ ಫ್ಲಾಶನ್ನು ಜೋಳದ ಸುಳಿಯ ಹಿಂದೆ, ಎಲೆಯ ಕಂಕುಳಲ್ಲಿ, ಎಲ್ಲಿ ಬೇಕಾದರೂ ಇಡುವ ಹಾಗಾಯಿತು. ಉಳಿದ ಒಂದೇ ತಾಪತ್ರಯ ಬ್ಯಾಟರಿ. ಎರಡು ಫ್ಲಾಶಿಗೆ ಎಂಟು ಸೆಲ್ಲು. ಕರೆಂಟ್ ಬರುವ ಹೊತ್ತು ನೋಡಿ, ಅಪ್ಪ ಮೋಟಾರ್ ಹಾಕಲು ಓಡಿದರೆ ನಾನು ಚಾರ್ಜರ್ ಹಾಕಲು ಓಡುತ್ತಿದ್ದೆ.

ಆ ಹೊತ್ತಿಗೆ ನಮ್ಮ ಹೊಲದಲ್ಲಿ ಆಲೂಗೆಡ್ಡೆ ಹೋಗಿ ಜೋಳ ಬಂದಿತ್ತು. ಅಂಗಮಾರಿಯ ಜೊತೆ ಸೆಣಸಿ ಸೋತವರೆಲ್ಲ ಹಾಗೇ ಮಾಡಿದರು, ಕೆಲವರು ಶುಂಠಿಗೆ ಹೋದರು. 2018ರ ಆಷಾಢದಲ್ಲಿ ಜೋಳದ ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಕಾಣಿಸಿಕೊಂಡಿತು, ಎಲೆಯಲ್ಲಿ ಸಾಲುಸಾಲು ತೂತು. ದೊಡ್ಡಪ್ಪ ಕಾಂಡ ಕೊರಕ ಎಂದ. ಅಪ್ಪ ಸುಮ್ಮನೆ ತಲೆಯಾಡಿಸಿದ, ಒಪ್ಪಿದ ಹಾಗೆ ಕಾಣಲಿಲ್ಲ. ಒಂದು ಸುಳಿ ಬಿಚ್ಚಿದರೆ ಒಳಗೆ ಬೆರಳಿನ ಅರ್ಧದಷ್ಟುದ್ದದ ಕಂದು ಹುಳ. ನಾನು ಅವಸರದಲ್ಲಿ ಕ್ಯಾಮೆರಾದ ನೆತ್ತಿಯ ಫ್ಲಾಶಿನಲ್ಲೇ ಒಂದು ಫೋಟೊ ತೆಗೆದೆ. ಹುಳದ ತಲೆಯ ಮೇಲೆ ಬಿಳಿ ಮಿಂಚು ಬಿಟ್ಟರೆ ಏನೂ ಇಲ್ಲ. ಯಾವ ಹುಳವಾದರೂ ಆಗಬಹುದಿತ್ತು.

ಆ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನವರು ಜೋಳದಲ್ಲಿ ಹೊಸ ಸೈನಿಕ ಹುಳು ಕಂಡಿದ್ದನ್ನು ಪೇಪರಿನಲ್ಲಿ ಓದಿದ್ದೆ. ಅಮೆರಿಕ ಖಂಡದ ಹುಳ, 2016ರಲ್ಲಿ ಆಫ್ರಿಕಾಕ್ಕೆ ಬಂದು, ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ಗುರುತು ಎರಡು: ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಕ್ಕೆ ನಾಲ್ಕು ಕಪ್ಪು ಚುಕ್ಕೆ. ಮನೆಗೆ ಓಡಿ ಚೀಲ ತಂದೆ. ಗಾಳಿ ಬೀಸುತ್ತಿತ್ತು, ಎಲೆಯನ್ನು ಬಟ್ಟೆ ಕ್ಲಿಪ್ಪಿನಿಂದ ಒಂದು ಕಡ್ಡಿಗೆ ಕಚ್ಚಿಸಿದೆ. ಟೀ ಲೋಟದ ಫ್ಲಾಶನ್ನು ಎಡಕ್ಕೆ, ಹುಳದ ತಲೆಗಿಂತ ತುಸು ಮೇಲೆ ಹಿಡಿದೆ. ಇನ್ನೊಂದನ್ನು ಎಲೆಯ ಹಿಂದೆ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಹಿಡಿದ ರೀತಿ ನೋಡಿ ನನಗೆ ನಗು ಬಂತು. ಏನೂ ಹೇಳಿಕೊಡದೆ ಸರಿಯಾದ ಓರೆಗೆ ಹಿಡಿದಿದ್ದ.

ಪರದೆಯ ಮೇಲೆ ದೊಡ್ಡದು ಮಾಡಿದೆ. ಹಣೆಯ ಮಿಂಚು ಮಾಯವಾಗಿ ಗೆರೆ ಮೂಡಿತ್ತು. ಅಪ್ಪ ಕ್ಯಾಮೆರಾ ಕೈಗೆ ತೆಗೆದುಕೊಂಡು ಕಣ್ಣು ಕಿರಿದು ಮಾಡಿ ನೋಡಿದ. “ಅಲ್ಲೋ, ಉಲ್ಟಾ ನಾಮ ಇಟ್ಕಂಡೈತಲ್ಲೋ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಎಲ್ರಿಗೂ ನಾಮ ಹಾಕಕ್ಕೇ ಬಂದಿರೋದು ಬುಡು” ಎಂದು ವಾಪಸ್ ಕೊಟ್ಟ.

ಫೋಟೊ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು ಚುಕ್ಕೆ ಎಣಿಸಿ, ಹೌದು ಅದೇ, ಬಿಡಬೇಡಿ, ಸುಳಿಗೇ ಔಷಧಿ ಬೀಳಬೇಕು ಎಂದರು. ದೊಡ್ಡಪ್ಪನ ಹೊಲದಲ್ಲಿ ತಡವಾಗಿತ್ತು. ನಮ್ಮದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಆಮೇಲಿನ ಎರಡು ವಾರ ನಾನು ತೆಗೆದ ಫೋಟೊಗಳಷ್ಟು ಊರಿನವರು ನೋಡಿದ ಫೋಟೊ ಬೇರೆ ಇಲ್ಲ. ಮದುವೆ ಆಲ್ಬಮ್ಮನ್ನು ಮನೆಯವರು ನೋಡುತ್ತಾರೆ. ಈ ಹುಳವನ್ನು ಮನೆಮನೆಯವರೂ ಮೊಬೈಲಿಗೆ ಹಾಕಿಸಿಕೊಂಡರು. ಅವ್ವ ಮಾತ್ರ, “ಅಂತೂ ಹುಳಕ್ಕೂ ಒಂದ್ ಆಲ್ಬಮ್ ಆಯ್ತು” ಎಂದಳು.

ಇದನ್ನು ಹೇಳಿ ಫ್ಲಾಶಿಗೆ ದೊಡ್ಡ ಮಹಿಮೆ ಕಟ್ಟುವುದು ನನಗೆ ಬೇಕಿಲ್ಲ. ಅದು ಸೋತ ಜಾಗವೂ ಇದೆ. ತೆಂಗಿನ ನುಸಿ ನಮ್ಮ ಸೀಮೆಯ ಕಾಯಿಗಳನ್ನೆಲ್ಲ ಕುಗ್ಗಿಸಿದ್ದು ಎಲ್ಲರಿಗೂ ನೆನಪಿದೆ. ಎಳೆ ಕಾಯಿಯ ತೊಟ್ಟು ಬಿಡಿಸಿ ಅದರಡಿಯ ನುಸಿಯನ್ನು ಹಿಡಿಯಲು ಒಂದು ವಾರ ಹೆಣಗಿದೆ. ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು ಉದ್ದದ ಜೀವ. ಎಡದಿಂದ, ಬಲದಿಂದ, ಹಿಂದಿನಿಂದ, ಎಲ್ಲಿಂದ ಬೆಳಕು ಬಿಟ್ಟರೂ ಹಿಟ್ಟು ಚೆಲ್ಲಿದ ಹಾಗೆ ಒಂದು ಬಿಳಿ ಧೂಳು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು, ನನ್ನ ಟೀ ಲೋಟ ಸಾಲದು.

ಮಾವ ಸ್ಟುಡಿಯೊ ಮುಚ್ಚಿ ಆರು ವರ್ಷವಾಯಿತು. ಸನ್‌ಗನ್ ನಮ್ಮ ಅಟ್ಟದಲ್ಲಿದೆ, ಬಲ್ಬು ಹೋಗಿದೆ. ಈಗ ನಾನು ಹೊಲಕ್ಕೆ ಹೋದರೆ ಎರಡನೇ ಫ್ಲಾಶ್ ಹಿಡಿಯುವವಳು ಅಣ್ಣನ ಮಗಳು, ಏಳನೇ ಕ್ಲಾಸು. ಅವಳು ಹತ್ತು ರೂಪಾಯಿ ಕೂಲಿಗೆ ಒಪ್ಪುವುದಿಲ್ಲ. ಪಕ್ಕಕ್ಕೆ ಬಾ, ಇನ್ನೂ ಪಕ್ಕಕ್ಕೆ ಎಂದರೆ, “ಎಷ್ಟ್ ಪಕ್ಕಕ್ ಚಿಕ್ಕಪ್ಪ, ಬದಾ ದಾಟ್ಬುಟ್ಟೆ” ಎಂದು ರೇಗುತ್ತಾಳೆ.

ಕೊನೆಗೆ, ಜೋಳ ಹಾಕಿದವರಿಗೆ ಒಂದು ಮಾತು. ಫ್ಲಾಶ್, ಮ್ಯಾಕ್ರೊ ಲೆನ್ಸು ಏನೂ ಬೇಡ. ಸುಳಿಯಲ್ಲಿ ಹಿಕ್ಕೆ ಕಂಡರೆ ಮೊಬೈಲಿನ ಫ್ಲಾಶನ್ನು ಆರಿಸಿ. ಇನ್ನೊಬ್ಬರ ಮೊಬೈಲಿನ ಟಾರ್ಚಿಗೆ ಒಂದು ಬಿಳಿ ಕಾಗದ ಅಡ್ಡ ಹಿಡಿಸಿ, ಹುಳದ ಪಕ್ಕದಿಂದ, ಸ್ವಲ್ಪ ಮೇಲಿನಿಂದ ಬೆಳಕು ಬಿಡಿಸಿ, ಆಮೇಲೆ ತೆಗೆಯಿರಿ. ಹಣೆಯ ಮೇಲೆ ಉಲ್ಟಾ ನಾಮ ಇದೆಯೇ, ಬಾಲದ ಹತ್ತಿರ ನಾಲ್ಕು ಚುಕ್ಕೆ ಇವೆಯೇ ನೋಡಿ, ಇದ್ದರೆ ಅದೇ ದಿನ ರೈತ ಸಂಪರ್ಕ ಕೇಂದ್ರದವರಿಗೆ ತೋರಿಸಿ. ಹೋಗುವುದಾದರೆ ಬೆಳಗ್ಗೆಯೇ ಹೋಗಿ. ಬಿಸಿಲೇರಿದ ಮೇಲೆ ಹುಳ ಸುಳಿಯ ಆಳಕ್ಕೆ ಇಳಿದುಬಿಡುತ್ತದೆ.